ಇಬ್ಬರು ಕಟ್ಟಿಕೊಂಡ ವಾಚು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಅಂಚೆಯವನಿಗೆ ಮಾತ್ರ. ಉಳಿದವರಿಗೆಲ್ಲ ಅವನು ವಾಚಣ್ಣ. ಮೂವತ್ತೆಂಟು ವರ್ಷ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಬೆನ್ನು ನೆಟ್ಟಗೆ ಮಾಡಿದರೆ ತಲೆ ತಾಗುವಂಥ ಜಾಗದಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡಿದವನು. ಕಟ್ಟಡ ಕೆಡವಿದ ಮೇಲೆ ಮೇಜನ್ನು ಮನೆಗೆ ತಂದು ಕಿಟಕಿಯ ಪಕ್ಕ ಹಾಕಿಕೊಂಡ. ಅಷ್ಟು ಹೊತ್ತಿಗೆ ಜನ ಗಂಟೆ ನೋಡಲು ಜೇಬಿನಿಂದ ಮೊಬೈಲು ತೆಗೆಯುತ್ತಿದ್ದರು. ವಾರಕ್ಕೆ ಎರಡೋ ಮೂರೋ ವಾಚು ಬಂದರೆ ಹೆಚ್ಚು. ಬರುತ್ತಿದ್ದವೂ ತೀರಿಹೋದ ಅಪ್ಪಂದಿರ ವಾಚುಗಳೇ.

ಅವನಿಗೊಂದು ಅಭ್ಯಾಸವಿತ್ತು. ಕೀಲಿ ಕೊಡದೆ, ಕೈ ಆಡಿದಂತೆಲ್ಲ ತಾನೇ ಸುತ್ತಿಕೊಂಡು ನಡೆಯುವ ಆಟೊಮ್ಯಾಟಿಕ್ ವಾಚು ಬಂದರೆ, ರಿಪೇರಿ ಮುಗಿದ ಮೇಲೆ ಗಿರಾಕಿ ಬರುವ ತನಕ ಅದನ್ನು ತಾನೇ ಕಟ್ಟಿಕೊಂಡಿರುತ್ತಿದ್ದ. ಮೇಜಿನ ಮೇಲೆ ಬಿಟ್ಟರೆ ಅದು ಒಂದೂವರೆ ದಿನಕ್ಕೆ ನಿಂತುಬಿಡುತ್ತದೆ. ನಿಂತ ವಾಚನ್ನು ಗಿರಾಕಿಯ ಕೈಗಿಡುವುದೆಂದರೆ ಅವನಿಗೆ ಮುಖ ತೋರಿಸಲಾಗದಂಥ ಅವಮಾನ. ಒಳ್ಳೆಯ ಕಾಲದಲ್ಲಿ ಎಡಗೈಗೆ ಮೂರು, ಬಲಗೈಗೆ ಎರಡು ಇರುತ್ತಿದ್ದವು.

"ನಿಮ್ಮ ಕೈ ನೋಡಿದ್ರೆ ಕದ್ದ ಮಾಲು ಮಾರೋಕೆ ನಿಂತೋರ ಹಾಗಿದೆ" ಎಂದು ಹೆಂಡತಿ ನಗುತ್ತಿದ್ದಳು.

"ಕೈ ಬಿಟ್ರೆ ಸತ್ತುಹೋಗ್ತವೆ ಕಣೆ. ಯಾರ ಕೈಯಾದ್ರೇನು, ಅದಕ್ಕೊಂದು ಕೈ ಬೇಕು ಅಷ್ಟೇ."

ಅವಳು ಕೆಲಸಕ್ಕಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ವಸತಿಗೃಹಗಳ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಗೆದು ಹಿಂಡಿದ ಬಟ್ಟೆಯನ್ನು ಇಬ್ಬರು ಹೆಂಗಸರು ಎರಡು ತುದಿಗೆ ಹಿಡಿದು, ಸುಕ್ಕಿಲ್ಲದ ಹಾಗೆ ಎಳೆದು, ಕಾದ ಉರುಳೆಗಳ ಬಾಯಿಗೆ ಕೊಡಬೇಕು. ಆಚೆ ಕಡೆಯಿಂದ ಅದು ಹಪ್ಪಳದಂತೆ ಗರಿಗರಿಯಾಗಿ ಬರುತ್ತದೆ. ಉರುಳೆಯ ಮುಂದೆ ನಿಲ್ಲುವವರು ಕೈಗೆ ಏನನ್ನೂ ಹಾಕಿಕೊಳ್ಳುವಂತಿಲ್ಲ. ಬಳೆ, ಉಂಗುರ, ವಾಚು, ದಾರ ಯಾವುದೂ ಇಲ್ಲ. ಹಿಂದೊಮ್ಮೆ ಯಾರದೋ ಬಳೆ ಬಟ್ಟೆಗೆ ಸಿಕ್ಕಿ ಕೈಯೇ ಒಳಗೆ ಹೋಗಿತ್ತು. ಹೀಗಾಗಿ ಅವಳ ಮಣಿಕಟ್ಟು ಹತ್ತೊಂಬತ್ತು ವರ್ಷದಿಂದ ಬರಿದಾಗಿತ್ತು. ವಾಚು ರಿಪೇರಿಯವನ ಹೆಂಡತಿಗೆ ವಾಚಿಲ್ಲ ಎಂದು ಜೊತೆಯವರು ಚುಡಾಯಿಸಿದರೆ, "ಮನೇಲಿರೋ ಗಡಿಯಾರವೇ ಸಾಕಾಗಿದೆ ತಾಯಿ, ಅದು ದಿನಕ್ಕೆ ಮೂರು ಸಲ ಟೀ ಕೇಳುತ್ತೆ" ಎನ್ನುತ್ತಿದ್ದಳು.

ಆ ವರ್ಷ ಅವಳಿಗೆ ಮೂರು ಸಲ ಕಣ್ಣು ಕತ್ತಲೆ ಬಂತು. ಮೂರೂ ಸಲ ಉರುಳೆಯ ಮುಂದೆ, ಮಧ್ಯಾಹ್ನ. ಮೂರನೇ ಸಲ ಜೊತೆಯವಳು ಹಿಡಿಯದಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದಳು. ವಾಚಣ್ಣ ಹಠ ಹಿಡಿದು ಹೃದಯದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಎದೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿತ್ತು.

"ನಾವು ನೋಡೋ ಹತ್ತು ನಿಮಿಷ ಅದು ಸಾಧುವಾಗೇ ಇರುತ್ತೆ" ಎಂದರು ಡಾಕ್ಟರಮ್ಮ. "ತಪ್ಪು ಮಾಡೋವಾಗಲೇ ಹಿಡೀಬೇಕು. ಕೆಲಸ ಏನಮ್ಮ? ಭಾರ ಎತ್ತೋದಾ?"

"ಇಲ್ಲ ಡಾಕ್ಟ್ರೇ. ಲಾಂಡ್ರೀಲಿ. ಬಟ್ಟೆ ಮಡಚೋದು."

ಉರುಳೆಯ ಮಾತು ಅವಳು ಎತ್ತಲಿಲ್ಲ. ಎತ್ತಿದರೆ ಆ ಕೆಲಸ ಬೇಡವೆಂದು ಚೀಟಿ ಬರೆದುಕೊಡುತ್ತಾರೆ, ಚೀಟಿ ಕಂಡರೆ ಲಾಂಡ್ರಿಯವರು ನಾಳೆಯಿಂದ ಬರಬೇಡ ಎನ್ನುತ್ತಾರೆ. ಅಲ್ಲಿ ಹಾಗೆ ಇಬ್ಬರನ್ನು ಮನೆಗೆ ಕಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆಸ್ಪತ್ರೆಯಿಂದ ಒಂದು ಸ್ಮಾರ್ಟ್‌ವಾಚು, ಒಂದು ಟ್ಯಾಬು ಕೊಟ್ಟರು. ಒಂದು ತಿಂಗಳ ಮಟ್ಟಿಗೆ. ಸಿಸ್ಟರ್ ಒಂದೊಂದನ್ನೂ ಬಿಡಿಸಿ ಹೇಳಿದಳು. ವಾಚು ಬಡಿತವನ್ನು ಬರೆದುಕೊಳ್ಳುತ್ತದೆ. ಮನೆಯಲ್ಲಿ ಟ್ಯಾಬಿನ ಹತ್ತಿರ ಬಂದಾಗ ಎರಡೂ ಸಿಂಕ್ ಆಗಿ, ಬರೆದದ್ದೆಲ್ಲ ಟ್ಯಾಬಿಗೆ ಇಳಿಯುತ್ತದೆ, ಅಲ್ಲಿಂದ ಆಸ್ಪತ್ರೆಗೆ. "ಸ್ನಾನಕ್ಕೆ, ಚಾರ್ಜಿಗೆ ಬಿಟ್ರೆ ಕೈಯಿಂದ ತೆಗೀಲೇಬಾರದು ಅಕ್ಕಾ."

"ಆಯ್ತಮ್ಮ" ಎಂದಳು ಅವಳು.

ಮಾರನೇ ದಿನವೇ ಲಾಂಡ್ರಿಯ ಬಾಗಿಲಲ್ಲಿ ಮೇಲ್ವಿಚಾರಕಿ ಆ ವಾಚು ಬಿಚ್ಚಿಸಿ ಪೆಟ್ಟಿಗೆಯಲ್ಲಿ ಇಡಿಸಿದಳು. ಸಂಜೆ ಮನೆಗೆ ಬಂದು ಸಿಂಕ್ ಮಾಡಿದರೆ ಟ್ಯಾಬಿನ ತೆರೆಯಲ್ಲಿ ಹಸಿರು ಗೆರೆಯ ನಡುವೆ ಬೂದು ಬಣ್ಣದ ಉದ್ದನೆಯ ತೇಪೆ. ಮರುದಿನ ಬೆಳಿಗ್ಗೆ ಸಿಸ್ಟರ್ ಫೋನು ಮಾಡಿದಳು.

"ಅಕ್ಕಾ, ಎಂಟು ಗಂಟೆ ಖಾಲಿ ಬಂದಿದೆ. ಹೀಗೇ ಆದ್ರೆ ವಾಪಸ್ ತಗೋಬೇಕಾಗುತ್ತೆ. ಕಾಯ್ತಿರೋರು ತುಂಬ ಜನ ಇದಾರೆ."

ಅವಳು ಫೋನು ಇಟ್ಟು ಗಂಡನ ಮುಖ ನೋಡಿದಳು. ವಾಚಣ್ಣ ತೆರೆಯ ಮೇಲಿನ ಬೂದು ತೇಪೆಯನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಅದು ನಿಂತುಹೋದ ವಾಚು.

"ಇಲ್ಲಿ ಕೊಡು" ಎಂದು ಕೈ ಚಾಚಿದ. "ನೀನು ಬರೋ ತನಕ ನಾನು ಕಟ್ಕೊಂಡಿರ್ತೀನಿ."

"ಅಲ್ಲಾ ರೀ, ನಿಮ್ಮ ಬಡಿತ ಅದರೊಳಗೆ ಹೋಗಲ್ವಾ?"

"ಹೋದ್ರೆ ಹೋಗ್ಲಿ. ಹದಿನಾರು ಗಂಟೆ ನಿಂದು, ಎಂಟು ಗಂಟೆ ನಂದು. ಭಾನುವಾರ ಪೂರ್ತಿ ನಿಂದೇ. ಅವರಿಗೆ ಕಾಣ್ಬೇಕಾದ್ದು ಕಂಡೇ ಕಾಣುತ್ತೆ. ನಡುವೆ ನಿಲ್ಲಬಾರದು, ಅಷ್ಟೇ."

ಮೂವತ್ತೆಂಟು ವರ್ಷದ ಕಸುಬು ಅವನ ಬಾಯಲ್ಲಿ ಮಾತಾಡುತ್ತಿತ್ತು. ಅವಳು ಗಂಡನ ಬೇರೆಲ್ಲ ಮಾತಿಗೂ ಎದುರು ಮಾತು ಹೇಳುವವಳು. ಆದರೆ ವಾಚಿನ ವಿಷಯದಲ್ಲಿ ಅವನಿಗೆ ತಿಳಿದಷ್ಟು ಯಾರಿಗೆ ತಿಳಿದೀತು? ಬಿಚ್ಚಿ ಕೊಟ್ಟಳು. ಪಟ್ಟಿಯಲ್ಲಿ ಅವಳದ್ದು ಏಳನೇ ತೂತು, ಅವನದ್ದು ನಾಲ್ಕನೆಯದು.

ದಿನ ಹೀಗೆ ನಡೆಯಿತು. ಬೆಳಿಗ್ಗೆ ಹೊಸ್ತಿಲ ಬಳಿ ವಾಚು ಅವಳ ಕೈಯಿಂದ ಅವನ ಕೈಗೆ ಬರುತ್ತಿತ್ತು, ಸಂಜೆ ಅವಳು ಮುಖ ತೊಳೆದು ಬಂದ ಮೇಲೆ ಅವನ ಕೈಯಿಂದ ಅವಳ ಕೈಗೆ. ಆಮೇಲೆ ಇಬ್ಬರೂ ಟ್ಯಾಬಿನ ಮುಂದೆ ಕೂರುವರು. ತೆರೆಯ ಮೇಲೆ ಒಂದು ಚಕ್ರ ಗಿರಗಿರನೆ ತಿರುಗಿ, ತಿರುಗಿ, ಕೊನೆಗೆ ಸರಿ ಗುರುತು ಮೂಡುತ್ತಿತ್ತು.

"ನೋಡಿ, ಹೆಂಗೆ ಗುಸುಗುಸು ಮಾತಾಡ್ಕೊಳ್ತವೆ ಎರಡೂ" ಎನ್ನುವಳು. "ನಾವಿಬ್ರು ಮಾತ್ರ ಬಾಯಿ ಹೊಲ್ಕೊಂಡು ಕೂತಿದೀವಿ."

"ಮೂವತ್ತು ವರ್ಷ ಮಾತಾಡಿ ಮುಗಿಸಿದೀವಲ್ಲ."

"ನೀವು ಯಾವಾಗ ಮಾತಾಡಿದ್ರಿ? ನಾನು ಮಾತಾಡಿದ್ದು, ನೀವು ಹೂಂ ಅಂದಿದ್ದು."

ಸರಿ ಗುರುತು ಬಂದ ಮೇಲೆ ಅವಳು ಕಣ್ಣು ಮುಚ್ಚಿ ದೇವರಿಗೆ ಎರಡು ಮಾತು ಹೇಳಿಕೊಂಡು ಒಲೆಯ ಕಡೆ ಹೋಗುವಳು. ಅವನು ಇನ್ನೂ ಸ್ವಲ್ಪ ಹೊತ್ತು ಗೆರೆ ನೋಡುತ್ತ ಕೂರುವನು. ಹಗಲಿನದು ದಾರ ಎಳೆದ ಹಾಗೆ ನೇರ. ಅರವತ್ತೆರಡು, ಅರವತ್ತೆರಡು, ಅರವತ್ಮೂರು. ಈ ವಯಸ್ಸಿನಲ್ಲೂ ತನ್ನೆದೆ ಇಷ್ಟು ಸರಿಯಾಗಿ ನಡೆಯುತ್ತಿದೆಯಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಭಾನುವಾರಗಳ ಹಗಲಿನಲ್ಲಿ ಒಂದೆರಡು ಕಡೆ ಗೆರೆ ಕಡಿದು ಮತ್ತೆ ಶುರುವಾಗುತ್ತಿತ್ತು. ಪಟ್ಟಿ ಸಡಿಲವಾಗಿರಬೇಕು ಎಂದು ಅವಳ ಕೈಗೆ ಒಂದು ತೂತು ಬಿಗಿ ಮಾಡಿದ.

ಮೂರನೇ ವಾರದ ಮಂಗಳವಾರ ಅವಳು ಸಂಜೆ ಬಂದವಳೇ ಗೋಡೆಗೊರಗಿ ಕೂತಳು. ಮಧ್ಯಾಹ್ನ ಮತ್ತೆ ಕಣ್ಣು ಕತ್ತಲೆ ಬಂದಿತ್ತು. ತಳ್ಳುಗಾಡಿ ಹಿಡಿದುಕೊಂಡು ನಿಂತಳಂತೆ. ವಾಚಣ್ಣ ಟ್ಯಾಬು ತೆಗೆದು ಆ ಮಂಗಳವಾರದ ಮಧ್ಯಾಹ್ನಕ್ಕೆ ಬೆರಳು ಸರಿಸಿದ. ಅರವತ್ತೆರಡು. ಅದು ತನ್ನದು ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಡಾಕ್ಟ್ರ ಹತ್ರ ಬಾಯಲ್ಲೇ ಹೇಳೋಣ" ಎಂದ.

ತಿಂಗಳು ತುಂಬಿದ ಮೇಲೆ ಹೋದರು. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಇಡೀ ತಿಂಗಳನ್ನು ಹರವಿಕೊಂಡು ಕೂತಿದ್ದರು. ಮುಖದಲ್ಲಿ ನಗುವಿತ್ತು.

"ಒಂದು ಗಂಟೆನೂ ಖಾಲಿ ಬಿಟ್ಟಿಲ್ಲವಲ್ಲಮ್ಮ, ಆ ಮೊದಲನೇ ದಿನ ಒಂದು ಬಿಟ್ರೆ. ಓದಿದೋರೂ ಇಷ್ಟು ಶಿಸ್ತಾಗಿ ಕಟ್ಟಲ್ಲ."

"ಹೋದ ವಾರದ ಹಿಂದಿನ ಮಂಗಳವಾರ ಮಧ್ಯಾಹ್ನ ಮತ್ತೆ ಬಂದಿತ್ತು ಡಾಕ್ಟ್ರೇ" ಎಂದಳು ಅವಳು.

ಡಾಕ್ಟರಮ್ಮ ಆ ದಿನವನ್ನು ದೊಡ್ಡದು ಮಾಡಿ ನೋಡಿದರು. "ನೋಡಿ, ಎಷ್ಟು ಚೆನ್ನಾಗಿ ನಡೆದಿದೆ. ಒಂದು ಬಡಿತ ತಪ್ಪಿಲ್ಲ. ಅಂದ್ರೆ ಇದು ಹೃದಯದ್ದಲ್ಲ. ಸೆಖೆಗೆ, ಹಸಿವಿಗೆ ಬರೋದು. ಭಾನುವಾರದ ಹಗಲು ಮಾತ್ರ ಅಲ್ಲಲ್ಲಿ ಕಡಿದಿದೆ. ಪಟ್ಟಿ ಸಡಿಲ ಇತ್ತೇನೋ?"

ಪ್ರಶ್ನೆ ವಾಚಣ್ಣನ ಕಡೆ ಬಂದಿತ್ತು. ಹೆಂಡತಿ ತಿರುಗಿ ಅವನನ್ನು ನೋಡಿದಳು. ದೇವರು ಅವಕಾಶ ಕೊಡಲಿಲ್ಲ ಎನ್ನುವಂತಿಲ್ಲ. ಕೊಟ್ಟಿದ್ದ. ಬಾಯಿ ಬಿಟ್ಟು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆದರೆ ಮೂರು ತಿಂಗಳಿಂದ ಕೇಳಬೇಕೆಂದು ಕಾದಿದ್ದ ಮಾತು, ಹೇಳಬೇಕಾದವರ ಬಾಯಿಂದಲೇ ಬಂದಿತ್ತು. ಹೃದಯದ್ದಲ್ಲ. ಅದನ್ನು ತನ್ನ ಕೈಯಾರೆ ಕೆಡವಲು ಅವನಿಂದ ಆಗಲಿಲ್ಲ.

"ಹೂಂ ಡಾಕ್ಟ್ರೇ. ಸ್ವಲ್ಪ ಸಡಿಲ ಇತ್ತು" ಎಂದ.

ಭಾನುವಾರದ್ದು ಇನ್ನೊಮ್ಮೆ ನೋಡೋಣ, ವಾಚು, ಟ್ಯಾಬು ಇನ್ನೆರಡು ವಾರ ಇರಲಿ, ಆಮೇಲೆ ತಂದುಕೊಡಿ ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಹೊರಗೆ ಮೆಟ್ಟಿಲಿಳಿಯುವಾಗ ಅವಳು ಕಂಬಿ ಹಿಡಿದು ನಿಂತಳು.

"ಹೇಳಬೇಕಿತ್ತೇನೋ ರೀ."

"ವಾಪಸ್ ಕೊಡೋಕೆ ಬರ್ತೀವಲ್ಲ, ಆಗ ಹೇಳೋಣ."

"ಹೂಂ. ಹೇಗೂ ಗಟ್ಟಿಯಾಗಿದೀನಂತೆ" ಎಂದು ನಕ್ಕಳು. ಅವಳು ಅವನಂತೆ ಹೂಂ ಎಂದದ್ದು ಅದೇ ಮೊದಲು ಎಂದು ಅವನಿಗೆ ಆಮೇಲೆ ಬಹಳ ದಿನ ಅನ್ನಿಸುತ್ತಿತ್ತು.

ಹನ್ನೊಂದು ದಿನ ಕಳೆಯಿತು. ಗುರುವಾರ ಮಧ್ಯಾಹ್ನ ಅವನು ಕಿಟಕಿಯ ಬಳಿ ಯಾರದೋ ಅಪ್ಪನ ವಾಚಿನ ಬೆನ್ನು ಬಿಚ್ಚುತ್ತಿದ್ದಾಗ ಮೇಲ್ವಿಚಾರಕಿಯ ಫೋನು ಬಂತು. ಅವಳು ಬಟ್ಟೆಯ ತುದಿ ಹಿಡಿದು ನಿಂತವಳು ಹಾಗೇ ಕುಸಿದಿದ್ದಳು. ಜೊತೆಯವಳು ಉರುಳೆ ನಿಲ್ಲಿಸಿದಳು. ಕೈ ಸುಡಲಿಲ್ಲ. ಮೈಮೇಲೆ ಎಲ್ಲೂ ಒಂದು ಗೀರೂ ಇರಲಿಲ್ಲ. ಅವನು ಹೋಗಿ ನೋಡುವಾಗ ಅವಳನ್ನು ಒಗೆದ ಬಟ್ಟೆಗಳ ರಾಶಿಯ ಪಕ್ಕ ಮಲಗಿಸಿ, ಆಗಷ್ಟೇ ಇಸ್ತ್ರಿಯಾಗಿ ಬಂದ ಒಂದು ಬಿಳಿ ಬಟ್ಟೆ ಹೊದಿಸಿದ್ದರು. ಅದು ಇನ್ನೂ ಬೆಚ್ಚಗಿತ್ತು. ಆ ಬಿಸುಪು ಅವಳದ್ದು ಎಂದುಕೊಂಡು ಅವನು ಸ್ವಲ್ಪ ಹೊತ್ತು ಮೋಸ ಹೋದ.

ಅವಳು ಹೋಗಿ ಎರಡು ವಾರ ಕಳೆದ ಮೇಲೆ ವಾಚು, ಟ್ಯಾಬನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಸಾವಿನ ಸುದ್ದಿ ಕೇಳಿ ಸಿಸ್ಟರ್ ಕಣ್ಣಲ್ಲಿ ನೀರು ತಂದುಕೊಂಡಳು. ದಿನ, ಹೊತ್ತು ಕೇಳಿ ಬರೆದುಕೊಂಡಳು. ಆಮೇಲೆ ಎರಡನ್ನೂ ಕೊನೆಯ ಸಲ ಸಿಂಕ್ ಮಾಡಿ ನೋಡಿದವಳು ತೆರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಣ್ಣಾ... ಗುರುವಾರ ಹನ್ನೆರಡೂ ಇಪ್ಪತ್ತಕ್ಕೆ ಹೋದ್ರು ಅಂದ್ರಿ. ಇಲ್ಲಿ ಸಂಜೆ ತನಕ ಬಡಿತ ಇದೆಯಲ್ಲ?"

ಹನ್ನೆರಡೂವರೆಗೆ ಅರವತ್ತೆರಡಿದ್ದದ್ದು ಒಮ್ಮೆಲೇ ನೂರ ಮೂವತ್ತಕ್ಕೆ ಏರಿತ್ತು. ಫೋನು ಬಂದ ಹೊತ್ತು. ಆವತ್ತು ಸಂಜೆ ತನಕ ವಾಚು ಬಿಚ್ಚಲು ಅವನಿಗೆ ನೆನಪೇ ಆಗಿರಲಿಲ್ಲ.

"ಅದು ನಂದಮ್ಮ" ಎಂದ ವಾಚಣ್ಣ. "ಹಗಲಿನದೆಲ್ಲ ನಂದೇ."

ಡಾಕ್ಟರಮ್ಮ ಬಂದರು. ಅವನು ಮೊದಲಿಂದ ಕೊನೆ ತನಕ ಹೇಳಿದ. ಲಾಂಡ್ರಿಯ ಉರುಳೆ, ಬೂದು ತೇಪೆ, ಏಳನೇ ತೂತು, ನಾಲ್ಕನೇ ತೂತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಭಾನುವಾರಗಳನ್ನು ತೆರೆಯ ಮೇಲೆ ಒಂದೊಂದಾಗಿ ತೆಗೆದು ನೋಡಿ ಹೇಳಿದರು: "ಹಗಲುಗಳಲ್ಲಿ ಭಾನುವಾರದ್ದು ಒಂದೇ ನಿಜ ಆಗಿತ್ತು. ಆರು ದಿನದ ಹಗಲು ಅಷ್ಟು ನೇರ ಇದ್ದದ್ದು ನೋಡಿ, ಏಳನೇ ದಿನದ್ದು ವಾಚಿನ ತಪ್ಪು ಅಂದ್ಕೊಂಡೆ. ಕೈಗೆ ವಾಚು ಕಟ್ಕೊಂಡು ಕೆಲಸ ಮಾಡೋಕಾಗುತ್ತಾ ಅಂತ ನಾನೂ ಕೇಳಲಿಲ್ಲ."

ಅವನು ಕಾಗದದಲ್ಲಿ ತೆಗೆದುಕೊಡಲು ಕೇಳಿದ. ಸಿಸ್ಟರ್ ಇಡೀ ದಾಖಲೆಯನ್ನು ಅಚ್ಚು ಹಾಕಿಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಒಂದೊಂದು ದಿನಕ್ಕೂ ಎರಡೆರಡು ಅಡ್ಡಗೆರೆ ಎಳೆದ, ಬೆಳಿಗ್ಗೆ ಕೈ ಬದಲಾದ ಹೊತ್ತಿಗೊಂದು, ಸಂಜೆಗೊಂದು. ಗೆರೆಗಳ ನಡುವಿನ ತನ್ನ ನೇರವಾದ ಬಡಿತವನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿದ. ಉಳಿದದ್ದನ್ನು ಮಡಚಿ ಜೇಬಿಗಿಟ್ಟುಕೊಂಡ. ಅವಳ ಫೋಟೊ ಮನೆಯಲ್ಲಿ ಎರಡೇ ಇದ್ದವು. ಇದು ಮೂರನೆಯದು ಎಂದು ಆಮೇಲೆ ಯಾರಿಗೋ ಹೇಳಿದನಂತೆ.

ವಾಚಣ್ಣ ಈಗಲೂ ಕಿಟಕಿಯ ಬಳಿ ಕೂರುತ್ತಾನೆ. ವಾಚುಗಳು ಅಪರೂಪಕ್ಕೆ ಬರುತ್ತವೆ. ಆದರೆ ಯಾವುದನ್ನೂ ಅವನು ಕೈಗೆ ಕಟ್ಟುವುದಿಲ್ಲ. ಮೊನ್ನೆ ಪಕ್ಕದ ಬೀದಿಯ ಬಸ್ ಕಂಡಕ್ಟರು ತನ್ನ ಅಪ್ಪನ ಆಟೊಮ್ಯಾಟಿಕ್ ವಾಚು ತೆಗೆದುಕೊಳ್ಳಲು ಬಂದವನು ಕಿವಿಗಿಟ್ಟು ನೋಡಿ ರೇಗಿದ.

"ಏನಣ್ಣ ಇದು, ರಿಪೇರಿ ಆಯ್ತು ಅಂದೆ. ನಿಂತೇ ಇದೆ!"

"ರಿಪೇರಿ ಆಗಿದೆ. ನೀನು ಕಟ್ಕೊ, ನಡೆಯುತ್ತೆ."

"ಮುಂಚೆ ಎಲ್ಲಾ ನಡೆಸಿಟ್ಟೇ ಕೊಡ್ತಿದ್ಯಲ್ಲ?"

ವಾಚಣ್ಣ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ಕೊಡ್ತಿದ್ದೆ" ಎಂದ. "ಈಗ ನಿಂತದ್ದು ನಿಂತ ಹಾಗೇ ಕಾಣ್ಲಿ ಅಂತ ಬಿಟ್ಟಿದೀನಿ."

ಕಂಡಕ್ಟರು ಗೊಣಗುತ್ತ ವಾಚು ಕಟ್ಟಿಕೊಂಡು ಹೋದ.