ಹೊಸ್ತಿಲಿನ ಮೊಳೆ

ಹೊಸಪೇಟೆ ಮುಗಿದು ಸಂಡೂರು ರಸ್ತೆ ಶುರುವಾಗುವ ಕಡೆ, ಅದಿರು ಲಾರಿಗಳು ನಿಲ್ಲುವ ಬೇವಿನ ಮರದ ಪಕ್ಕ ‘ಉಜ್ಜಿನಪ್ಪ ಪಂಕ್ಚರ್ ಶಾಪ್’ ಎಂಬ ಬೋರ್ಡಿದೆ. ಎಂಟು ವರ್ಷದಿಂದ ಅಲ್ಲಿ ಉಜ್ಜಿನಪ್ಪ ಒಂದು ಟೈರನ್ನೂ ಬಿಚ್ಚಿಲ್ಲ. ಬಿಚ್ಚುವವಳು, ತೇಪೆ ಹಾಕುವವಳು, ಗಾಳಿ ತುಂಬುವವಳು ಅವನ ಹೆಂಡತಿ ಉಚ್ಚೆಂಗಮ್ಮ. ಆದರೂ ಬಂದ ಡ್ರೈವರುಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ, “ಯಜಮಾನ್ರು ಇಲ್ಲೇನಮ್ಮ?” ಎಂದು ಕೇಳುವುದು ತಪ್ಪಿಲ್ಲ. ಮೊದಮೊದಲು ಅವಳು ಉತ್ತರ ಕೊಡುತ್ತಿದ್ದಳು. ಈಗ ಮಾತಾಡದೆ ಜಾಕು ಎಳೆದುಕೊಂಡು ಲಾರಿಯ ಪಕ್ಕ ಕೂರುತ್ತಾಳೆ.

ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿ ಮಾಡಿ ಬೆಳೆದವಳು ಅವಳು. ಮದುವೆಯಾಗಿ ಬಂದಾಗ ಟೈರೆಂದರೆ ಅವಳಿಗೆ ಸೈಕಲ್ಲಿನದಷ್ಟೇ ಗೊತ್ತಿತ್ತು. ಗಂಡ ಕೇಳಿದ ಸಾಮಾನು ಕೈಗೆ ಕೊಡುತ್ತ, ಅವನು ಮಾಡುವುದನ್ನು ನೋಡುತ್ತ ಕಲಿತಳು. ಎಂಟು ವರ್ಷದ ಹಿಂದೆ ಅವಸರದ ಡ್ರೈವರನೊಬ್ಬ ಹಾರ್ನು ಹೊಡೆಯುತ್ತಲೇ ಇದ್ದಾಗ, ಉಜ್ಜಿನಪ್ಪ ಗಾಳಿ ಪೂರ್ತಿ ಬಿಡದೆ ಲಾರಿಯ ಟೈರು ಬಿಚ್ಚಲು ರಾಡು ಹಾಕಿದ್ದ. ಗಾಳಿ ಇನ್ನೂ ಐತ್ರಿ ಎಂದು ಅವಳು ಹೇಳಿದ್ದಳು. “ಒಂದ ಗಾಲಿಗೆ ಏನಾಕ್ಕೈತಿ, ಸುಮ್ನಿರು” ಎಂದಿದ್ದ. ಟೈರನ್ನು ಡಿಸ್ಕಿಗೆ ಬಿಗಿಯುವ ಕಬ್ಬಿಣದ ರಿಂಗು ಸಿಡಿದು ಅವನ ಸೊಂಟಕ್ಕೆ ಬಡಿಯಿತು. ಅಂದಿನಿಂದ ಅವನು ಕೋಲು ಹಿಡಿದು ಅಂಗಡಿಯ ಮಗ್ಗುಲಿಗೆ, ರಸ್ತೆಗೆ ಕಾಣದ ಮಂಚದ ಮೇಲೆ ಕೂರುವವನು. ಅವಳು ಯಾವ ಟೈರಿಗೇ ಆಗಲಿ ಮೊದಲು ವಾಲ್ವಿನ ಪಿನ್ನು ತೆಗೆದು, ಗಾಳಿಯ ಸದ್ದು ಪೂರ್ತಿ ನಿಂತ ಮೇಲೆಯೇ ರಾಡು ಮುಟ್ಟುವವಳು.

ಅಂಗಡಿಯ ಕೆಲಸ ಅವಳ ಪಾಲಿಗೆ ಬಂತು. ಮನೆಯ ಕೆಲಸ ಮಾತ್ರ ಯಾರ ಪಾಲಿಗೂ ಹೋಗಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕಸ, ನೀರು, ರೊಟ್ಟಿ, ಮೈದುನನ ಡಬ್ಬಿ, ಆಮೇಲೆ ಅಂಗಡಿ. ನಡುವೆ ಒಲೆಯ ಮೇಲಿನ ಬೇಳೆ ನೋಡಲು ಒಳಗೆ ಓಡಬೇಕು, ಹಾರ್ನು ಕೇಳಿದರೆ ಹೊರಗೆ ಓಡಬೇಕು. ಟೈರಿನ ಕರಿ ಹೋಗಲು ಬೂದಿಯಿಂದ ಕೈ ತಿಕ್ಕಿಕೊಂಡರೂ, ಅವಳು ತಟ್ಟಿದ ರೊಟ್ಟಿಯಲ್ಲಿ ರಬ್ಬರಿನ ವಾಸನೆ ಬರುತ್ತದೆಂದು ಮೈದುನ ಮಹಾಂತೇಶ ಮೂಗು ಮುರಿಯುತ್ತಾನೆ. ಮುರಿದರೂ ಐದು ತಿನ್ನುತ್ತಾನೆ.

ಮಹಾಂತೇಶನಿಗೆ ಇಪ್ಪತ್ತನಾಲ್ಕು. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ, ಉಳಿದ ಜೀವವೆಲ್ಲ ಬೈಕು. ಕಂಪ್ಲಿ ಕಡೆ ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯೊಂದರಲ್ಲಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹುಡುಗರು ಸೇರಿ ಡ್ರ್ಯಾಗ್ ರೇಸು ಓಡಿಸುತ್ತಾರೆ. ಎರಡು ಬೈಕು, ನೆಟ್ಟಗಿನ ಕಾಲು ಮೈಲಿ, ಹತ್ತು ಹದಿನೈದು ಸೆಕೆಂಡಿನ ಆಟ. ಅದಕ್ಕೆಂದೇ ಅವನು ಹಿಂದಿನ ಗಾಲಿಗೆ ಬೆಂಗಳೂರಿನಿಂದ ರೇಸಿನ ಟೈರು ತರಿಸಿದ್ದ. ಅದಕ್ಕೆ ಟ್ಯೂಬಿಲ್ಲ, ಗೀರುಗಳಿಲ್ಲ, ನಾದಿದ ಹಿಟ್ಟಿನಂಥ ಮೆದು ರಬ್ಬರು, ಗಾಳಿ ಕಡಿಮೆ. ರಸ್ತೆಗೆ ಅಂಟಿಕೊಂಡು ಓಡುವ ಟೈರು ಅದು. ಅದಕ್ಕೆ ಬಿಸಿಲು ತಾಗಬಾರದೆಂದು ಬೈಕು ಮನೆಯೊಳಗೆ, ಪಡಸಾಲೆಯ ನಡುವೆ ನಿಲ್ಲುತ್ತಿತ್ತು. ಅದರಿಂದ ಸೋರಿದ ಆಯಿಲ್ಲನ್ನು ಉಚ್ಚೆಂಗಮ್ಮ ಒರೆಸುತ್ತಿದ್ದಳು. ರಾತ್ರಿ ಬೈಕಿಗೆ ಜಾಗ ಬಿಟ್ಟು ಅವಳೂ ಅತ್ತೆ ಜಂಬಮ್ಮನೂ ಒಲೆಯ ಪಕ್ಕ ಕಾಲು ಮಡಚಿ ಮಲಗುತ್ತಿದ್ದರು.

ಆ ಮನೆಯ ಹೊಸ್ತಿಲು ಕಟ್ಟಿಗೆಯದು. ದೃಷ್ಟಿ ತಾಗದಿರಲೆಂದು ಜಂಬಮ್ಮ ಅದಕ್ಕೊಂದು ಕುದುರೆ ಲಾಳ ಹೊಡೆಸಿದ್ದಳು. ಯುಗಾದಿಯ ಹಿಂದಿನ ಅಮಾವಾಸ್ಯೆಯಲ್ಲಿ ಅದರ ಒಂದು ಮೊಳೆ ಸಡಿಲಾಯಿತು. ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಹಚ್ಚುವವಳು ಉಚ್ಚೆಂಗಮ್ಮನಾದ್ದರಿಂದ ಅದು ಮೊದಲು ಕುಯ್ದದ್ದೂ ಅವಳ ಬೆರಳನ್ನೇ. ಗಂಡನಿಗೆ ಹೇಳಿದಳು, ಬಗ್ಗಲು ಸೊಂಟ ಬರುವುದಿಲ್ಲ ಎಂದ. ಮೈದುನನಿಗೆ ಮೂರು ಸಲ ಹೇಳಿದಳು, ನಾಳೆ ಎಂದ. ತಾನೇ ಸುತ್ತಿಗೆ ತಂದಾಗ ಅತ್ತೆ ಅಡ್ಡ ಬಂದಳು. ಹೆಂಗಸು ಹೊಸ್ತಿಲಿಗೆ ಸುತ್ತಿಗೆ ಹೊಡೆದರೆ ಮನೆಯ ಗಂಡಸರಿಗೆ ಏಳಿಗೆಯಿಲ್ಲವಂತೆ. ಹೊಸ್ತಿಲಿನಿಂದ ಹತ್ತು ಹೆಜ್ಜೆ ಆಚೆ ಲಾರಿಯ ರಿಂಗುಗಳಿಗೆ ಅವಳು ದಿನವಿಡೀ ಸುತ್ತಿಗೆ ಹೊಡೆಯುತ್ತಾಳೆ. ಅದರಿಂದ ಯಾರ ಏಳಿಗೆಯೂ ನಿಂತಿರಲಿಲ್ಲ. ಆ ಮನೆಯ ಊಟ ಅದರಿಂದಲೇ ನಡೆದಿತ್ತು. ಆದರೂ ಅವಳು ಸುತ್ತಿಗೆ ಕೆಳಗಿಟ್ಟಳು. ದಿನಾ ಬೆಳಗ್ಗೆ ಕುಂಕುಮ ಹಚ್ಚುವಾಗ ಎದ್ದ ಮೊಳೆಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತುವುದು ಅವಳಿಗೆ ಇನ್ನೊಂದು ಕೆಲಸವಾಯಿತು.

ಆ ಶನಿವಾರ ಹನ್ನೊಂದರ ಹೊತ್ತಿಗೆ, ಮರುದಿನದ ರೇಸಿಗೆ ಬೈಕು ನೋಡಿಬರುತ್ತೇನೆಂದು ಹೋದ ಮಹಾಂತೇಶ ಅರ್ಧ ಗಂಟೆಯಲ್ಲಿ ವಾಪಸು ಬಂದ. ಹಿಂದಿನ ಟೈರು ನೆಲಕ್ಕೆ ಕೂತಿತ್ತು. ಎಲ್ಲಿಂದ ಹಿಂಗ ಬಂದಿ ಎಂದು ಉಚ್ಚೆಂಗಮ್ಮ ಒಳಗಿಂದಲೇ ಕೇಳಿದಳು. ಕಾಲುವೆಯ ಸೇತುವೆಯಿಂದ, ಎಂದ. ಎರಡು ಕಿಲೋಮೀಟರಾದರೂ ಆಯಿತು. ತಳ್ಳಿಕೊಂಡು ಬರಬೇಕಿತ್ತಲ್ಲ ಎಂದರೆ, ಚಹಾದಂಗಡಿಯ ಮುಂದೆ ತಳ್ಳಿಕೊಂಡು ಬಂದರೆ ಗೆಳೆಯರು ವಾರಗಟ್ಟಲೆ ಆಡಿಕೊಳ್ಳುತ್ತಾರೆ ಎಂದ. ಗಾಳಿಯಿಲ್ಲದ ಟೈರಿನ ಮೇಲೆಯೇ ಹತ್ತಿ ಬಂದಿದ್ದ.

ರೊಟ್ಟಿಯ ಹಿಟ್ಟು ಅರ್ಧ ನಾದಿಯಾಗಿತ್ತು. ಅದರ ಮೇಲೆ ತಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಉಚ್ಚೆಂಗಮ್ಮ ಹೊರಗೆ ಬಂದಳು. ಗಾಲಿ ಕಳಚಿ ಸ್ವಲ್ಪ ಗಾಳಿ ತುಂಬಿ ನೀರಿನ ಡ್ರಮ್ಮಿನಲ್ಲಿ ತಿರುಗಿಸಿದಳು. ಗುಳ್ಳೆಗಳು ಎದ್ದದ್ದು ನೆಲಕ್ಕೆ ತಾಗುವ ಕಡೆಯಲ್ಲ, ಟೈರಿನ ಪಕ್ಕೆಯಲ್ಲಿ. ಅಲ್ಲಿ ಸಿಕ್ಕಿದ ಮೊಳೆಯನ್ನು ಇಕ್ಕಳದಿಂದ ಎಳೆದಳು. ಚೌಕ ತಲೆಯ, ಸ್ವಲ್ಪ ಬಾಗಿದ ಲಾಳದ ಮೊಳೆ. ತಲೆಯ ಸಂದಿನಲ್ಲಿ ಕುಂಕುಮ ಇನ್ನೂ ಇತ್ತು. ಆ ದಿನ ಬೆಳಗ್ಗೆ ಅವಳೇ ಹಚ್ಚಿದ್ದು. ಕಿತ್ತುಬಂದು ಬಾಗಿಲ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಮೊಳೆ, ಬೈಕು ಹೊರಗೆ ತೆಗೆಯುವಾಗ ಚೌಕಟ್ಟಿಗೆ ಉಜ್ಜಿಕೊಂಡು ಹೋದ ಗಾಲಿಯ ಪಕ್ಕೆಗೆ ನೆಟ್ಟಿತ್ತು.

ಅವಳು ಅದನ್ನು ಮಂಚದ ಮೇಲೆ, ಗಂಡನ ಪಕ್ಕ ಇಟ್ಟಳು. ಉಜ್ಜಿನಪ್ಪ ನೋಡಿ ಆಚೆ ತಿರುಗಿದ. ಅವಳು ಪಿನ್ನು ತೆಗೆದು, ಗಾಳಿ ಪೂರ್ತಿ ಬಿಟ್ಟು, ಟೈರು ಬಿಚ್ಚಿ ಒಳಗೆ ಕೈಯಾಡಿಸಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳುಗಳಿಗೆ ರಬ್ಬರನ್ನು ಹಿಡಿದಿಡುವ ಒಳಗಿನ ನೂಲು ಗೇಣುದ್ದ ಮುರಿದು ಪುಡಿಯಾದದ್ದು ತಕ್ಷಣ ತಿಳಿಯಿತು. ಮೊಳೆ ಮಾಡಿದ ತೂತಿಗಿಂತ, ಹತ್ತಿಕೊಂಡು ಬಂದ ಎರಡು ಕಿಲೋಮೀಟರು ಮಾಡಿದ ಕೇಡು ದೊಡ್ಡದಿತ್ತು.

“ಮಾಂತೇಶ, ಈ ಟೈರು ಮುಗೀತು. ನಾಳೆ ಬ್ಯಾಡ” ಎಂದಳು.

“ಮುಗೀತಂದ್ರ? ತೂತು ಸಣ್ಣದೈತಿ. ಒಂದು ತೇಪಿ ಹಾಕು ಅತ್ತಿಗಿ, ಜಲ್ದಿ.”

ಅವಳು ಬಿಡಿಸಿ ಹೇಳಿದಳು. ನೆಲಕ್ಕೆ ತಾಗುವ ಕಡೆ ತೂತಾಗಿದ್ದರೆ, ರಸ್ತೆಯ ಬೈಕಾಗಿದ್ದರೆ ಒಳಗಿನಿಂದ ತೇಪೆ ಹಾಕಬಹುದಿತ್ತು. ಪಕ್ಕೆ ಓಡುವಾಗ ಮಡಚಿ ಬಿಚ್ಚುವ ಜಾಗ; ಅಲ್ಲಿ ತೇಪೆ ನಿಲ್ಲುವುದಿಲ್ಲ. ಇದು ರೇಸಿನ ಟೈರು, ಗಾಳಿ ಕಡಿಮೆ, ಹೊರಡುವಾಗಲೇ ಸುಕ್ಕುಗಟ್ಟಿ ಎಳೆಯುತ್ತದೆ. ಮೇಲಾಗಿ ನೂಲು ಮುರಿದಿದೆ. ಓಟದ ಕೊನೆಯಲ್ಲಿ ಒಡೆದರೆ ಬೈಕು ಒಂದು ಕಡೆ, ಅವನು ಒಂದು ಕಡೆ. ಬೇಕಿದ್ದರೆ ಕೈ ಹಾಕಿ ನೋಡು ಎಂದು ಟೈರನ್ನು ಅವನತ್ತ ಹಿಡಿದಳು. ಅವನು ಕೈ ಹಾಕಲಿಲ್ಲ. ಅಣ್ಣನ ಕಡೆ ನೋಡಿದ.

ಹಿಂದಿನ ತಿಂಗಳು ಇದೇ ಬೈಕಿನ ಮುಂದಿನ ಟ್ಯೂಬಿಗೆ ತೇಪೆ ಹಾಕಿದವಳು ಅವಳೇ. ಆಗ ಅವನು ಯಾರ ಕಡೆಯೂ ನೋಡಿರಲಿಲ್ಲ. ಆಗುತ್ತದೆ ಎಂದಾಗ ಅವಳ ಮಾತು ಸಾಕು; ಆಗುವುದಿಲ್ಲ ಎಂದರೆ ಗಂಡಸಿನ ಸಹಿ ಬೇಕು.

ಉಜ್ಜಿನಪ್ಪ ಕೋಲೂರಿ ಎದ್ದ. ಎಂಟು ವರ್ಷದಲ್ಲಿ ಅಂಗಡಿಯ ಪೆಟ್ಟಿಗೆಗೆ ಕೈಹಾಕದವನು ತೇಪೆಯ ಡಬ್ಬಿ ಹುಡುಕಿದ. ಅದು ಎಲ್ಲಿದೆಯೆಂದು ಅವಳನ್ನೇ ಕೇಳಬೇಕಾಯಿತು.

“ಇಲ್ಲಿ ತಾ ಆ ಟೈರು. ಒಂದ ಓಟಕ್ಕ ಏನಾಕ್ಕೈತಿ” ಎಂದ.

ಅದೇ ಮಾತು. ಅದೇ ಸಮಾಧಾನದ ದನಿ. ಉಚ್ಚೆಂಗಮ್ಮ ಅವನ ವಾಲಿದ ಸೊಂಟವನ್ನು, ಕೋಲನ್ನು ನೋಡಿದಳು. ಒಳಗಿಂದ ಜಂಬಮ್ಮ, ರೇಸಿನ ಮುಂಚೆ ಗಾಲಿಗೆ ನಿಂಬೆಹಣ್ಣು ಇಟ್ಟರೆ ಏನೂ ಆಗುವುದಿಲ್ಲ, ತಂದುಕೊಡು ಎಂದು ಕೂಗಿದಳು. ನಿಂಬೆಹಣ್ಣು ತರುವುದೂ ಸೊಸೆಯ ಪಾಲಿಗೇ ಬಂದಿತ್ತು.

ಅವಳಿಗೆ ಮುಂದಿನದೆಲ್ಲ ಗೊತ್ತಿತ್ತು. ತೇಪೆ ಹಾಕುತ್ತಾರೆ. ಬೆಳಗ್ಗೆ ಊಟದ ಡಬ್ಬಿ ಕಟ್ಟುವವಳು ಅವಳೇ. ಬಿದ್ದ ಸುದ್ದಿ ಬಂದರೆ ಆಸ್ಪತ್ರೆಗೆ ಓಡುವವಳು, ಎತ್ತಿ ಕೂರಿಸುವವಳು, ಬೆನ್ನು ಒರೆಸುವವಳು ಅವಳೇ. ಗಂಡನ ಸೊಂಟದ ಗಾಯಕ್ಕೆ ಐದು ತಿಂಗಳು ಅದನ್ನೆಲ್ಲ ಮಾಡಿದ್ದಳು. ಮಹಾಂತೇಶ ಆಗ ಹೈಸ್ಕೂಲಿನಲ್ಲಿದ್ದ. ಅವನ ಸಾಕ್ಸು ಒಗೆಯುವುದನ್ನೂ ಆ ಐದು ತಿಂಗಳು ಬಿಟ್ಟಿರಲಿಲ್ಲ. ಆ ಕಾಲುಗಳು ಅವಳಿಗೆ ಗೊತ್ತು.

ರಬ್ಬರು ಕೊಯ್ಯುವ ಚಾಕು ತೆಗೆದುಕೊಂಡಳು. ಟೈರನ್ನು ಕಾಲಿನಡಿ ಒತ್ತಿ, ತೂತಿನಿಂದ ಹಿಡಿದು ಪಕ್ಕೆಯುದ್ದಕ್ಕೂ ಎಳೆದಳು. ಮೆದು ರಬ್ಬರು ಬದನೆಕಾಯಿಯಂತೆ ಸೀಳಿತು. ಇನ್ನೊಂದು ಕಡೆಯೂ ಸೀಳಿದಳು.

ಮಹಾಂತೇಶ ಬಾಯಿಗೆ ಬಂದದ್ದನ್ನೆಲ್ಲ ಆಡಿದ. ಈ ಟೈರಿಗಾಗಿ ಎಷ್ಟು ನೈಟ್ ಶಿಫ್ಟು ಮಾಡಿದ್ದ, ನಾಳೆ ಗೆಳೆಯರಿಗೆ ಏನು ಹೇಳಲಿ, ಮನೆಯಲ್ಲಿ ಹೆಂಗಸಿನ ಕೈ ಮೇಲಾದರೆ ಇದೇ ಗತಿ. ಅಷ್ಟು ಹೇಳಿ ಬೇವಿನ ಮರದ ಕಡೆ ಹೋಗಿ ಬೆನ್ನು ಹಾಕಿ ನಿಂತ.

“ನನ್ನ ಅಂಗಡ್ಯಾಗ ಯಾರನ್ನ ಕೇಳಿ ಕೊಯ್ದಿ?” ಉಜ್ಜಿನಪ್ಪ ಕೇಳಿದ.

“ನಿಮ್ಮ ಸೊಂಟಾನ ಕೇಳಿದ್ನಿರಿ.”

ಅವನು ಡಬ್ಬಿ ಕೈಯಲ್ಲಿ ಹಿಡಿದೇ ಮಂಚದ ಮೇಲೆ ಕೂತ.

ಅವಳು ಮಂಚದ ಮೇಲಿದ್ದ ಮೊಳೆಯನ್ನು ಎತ್ತಿ, ಕಬ್ಬಿಣದ ದಿಮ್ಮಿಯ ಮೇಲಿಟ್ಟು ಎರಡೇಟಿನಲ್ಲಿ ನೆಟ್ಟಗೆ ಮಾಡಿದಳು. ಸುತ್ತಿಗೆ ಹಿಡಿದುಕೊಂಡೇ ಮನೆಯ ಬಾಗಿಲಿಗೆ ನಡೆದು ಹೊಸ್ತಿಲ ಮುಂದೆ ಕೂತಳು. ಜಂಬಮ್ಮ ಒಳಗಿಂದ ಓಡಿ ಬಂದು, ಮನೆಯಲ್ಲಿ ಇಬ್ಬರು ಗಂಡಸರಿದ್ದಾರೆ, ಅವರಿಗೆ ಕೊಡು ಎಂದಳು. ಉಚ್ಚೆಂಗಮ್ಮ ಸುತ್ತಿಗೆಯನ್ನು ಚಾಚಿ ಹಿಡಿದಳು. ಯಾರಾದರೂ ಬರುತ್ತಾರೇನೋ ಎಂದು ಒಂದು ಗಳಿಗೆ ಹಾಗೇ ಹಿಡಿದಿದ್ದಳು. ಮಂಚದ ಮೇಲಿನವನು ಏಳಲಿಲ್ಲ. ಮರದ ಕೆಳಗಿನವನು ತಿರುಗಲಿಲ್ಲ.

ಲಾಳದ ತೂತಿಗೆ ಮೊಳೆ ಇಟ್ಟು ಮೊದಲ ಏಟು ಹಾಕಿದಳು. ರಸ್ತೆಯ ಕಡೆ ಲಾರಿಯೊಂದು ನಿಂತು ಹಾರ್ನು ಹೊಡೆಯಿತು.

“ಯಜಮಾನ್ರು ಇಲ್ಲೇನಮ್ಮ?”

ಅವಳು ತಲೆಯೆತ್ತಲಿಲ್ಲ. ಮೊಳೆಯ ತಲೆ ಲಾಳಕ್ಕೆ ಸಮವಾಗಿ ಕೂರುವವರೆಗೂ ಹೊಡೆದಳು. ಮೇಲೆ ಹೆಬ್ಬೆರಳಾಡಿಸಿ ನೋಡಿದಳು, ಇನ್ನೂ ಕೂದಲೆಳೆಯಷ್ಟು ಎದ್ದಂತಿತ್ತು. ಮತ್ತೊಂದು ಏಟು ಹಾಕಿದಳು. ಲಾರಿ ಕಾಯುತ್ತಿತ್ತು.