ನಾನು ನೋಡದೆ ಬಂದ ಹೆಸರು

೧೯೮೭ರಲ್ಲಿ, ಏಳನೇ ತರಗತಿಯ ಅರ್ಧಕ್ಕೇ ನಾನು ಓದು ನಿಲ್ಲಿಸಿದೆ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಬೇರೆ — ನಾಲ್ಕು ವರ್ಷದ ಹಿಂದೆ ಒಂದು ಸಿನಿಮಾಕ್ಕೆ ಹೋಗಿ, ಪೂರ್ತಿ ನಿದ್ದೆ ಮಾಡಿ, ನೋಡಿದವನಂತೆ ಬಂದು ತೀರ್ಪು ಕೊಟ್ಟೆ. ಅಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಪರದೆಯ ಮೇಲೆ ಸ್ಟೆಲ್ಲಾ ಅಕ್ಕನ ಹೆಸರು ಬರಲೇ ಇಲ್ಲ ಎಂದೂ ಹೇಳಿದೆ.

ಶಿವಾಜಿನಗರದಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ನಾನೇ ದುಡಿದು ಕಟ್ಟಿದ್ದು, ಯಾರ ಹಂಗೂ ಇಲ್ಲ. ಚಟ ಒಂದೇ — ಶುಕ್ರವಾರ ಮೊದಲ ಆಟ. ಕನ್ನಡ, ತಮಿಳು, ತೆಲುಗು, ಹಿಂದಿ, ಯಾವುದಾದರೂ ಸರಿ. ಈಗ ಬರುತ್ತಿರುವವುಗಳ ಬಗ್ಗೆ ಕೇಳುತ್ತೀರಾ? ನಾಯಕ ನಡೆದು ಬರುವುದಕ್ಕೇ ಹತ್ತು ನಿಮಿಷ, ಕೊನೆಗೆ ಉಳಿದದ್ದು ಎರಡನೇ ಭಾಗದಲ್ಲಿ ಎಂದು ಮನೆಗೆ ಕಳಿಸುತ್ತಾರೆ. ಅರ್ಧ ಸೀಟು ಹೊಲಿದು ನಾನು ಹಾಗೆ ಕಳಿಸಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಆದರೂ ದೀಪ ಆರಿದ ಕೂಡಲೇ ಈ ವಯಸ್ಸಿನಲ್ಲೂ ಎದೆ ಹಿಗ್ಗುತ್ತದೆ. ಏನು ಮಾಡಲಿ.

ಆಟ ಮುಗಿಸಿ ಲಿಂಗರಾಜಪುರದ ನಮ್ಮ ಬೀದಿಗೆ ಬಂದರೆ, ನಜೀರ್ ಭಾಯಿಯ ಟೀ ಅಂಗಡಿ ಮುಂದೆ ಇಪ್ಪತ್ತು ಜನ ಕಾಯುತ್ತಿದ್ದರು. ನಾನು ಬಾಯಿ ಬಿಡಬೇಕಿರಲಿಲ್ಲ. ಫುಲ್ ಟೀ ಕುಡಿದರೆ ಸಿನಿಮಾ ಚೆನ್ನಾಗಿದೆ, ಬೈಟು ಹೇಳಿ ಅರ್ಧ ಕುಡಿದರೆ ಪರವಾಗಿಲ್ಲ, ಬರೀ ನೀರು ಕುಡಿದರೆ ಯಾರೂ ಹೋಗಬೇಡಿ. ಭಾನುವಾರ ಇಡೀ ಬೀದಿ ಅದರಂತೆ ನಡೆಯುತ್ತಿತ್ತು.

ಪಕ್ಕದ ಮನೆಯ ಸ್ಟೆಲ್ಲಾ ಅಕ್ಕ ಟೈಲರ್. ಹಲಸೂರಿನ ಮದುವೆ ಬ್ಯಾಂಡಿನವರ ಕಥೆಯೆಂದು ಒಂದು ಸಣ್ಣ ಕನ್ನಡ ಸಿನಿಮಾ ತೆಗೆದಾಗ, ಅದಕ್ಕೆ ಹನ್ನೊಂದು ಕೆಂಪು ಕೋಟು ಹೊಲಿದವಳು ಅವಳು. ಬಿಡುಗಡೆಯ ಹಿಂದಿನ ದಿನ ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: "ತಂಬಿ, ಕೊನೇಲಿ ನನ್ನ ಹೆಸ್ರು ಹಾಕ್ತಾರಂತೆ. ನೀನು ನೋಡ್ಕೊಂಡು ಬಾ. ಇದ್ರೆ ಭಾನುವಾರ ಎಲ್ರನ್ನೂ ಕರ್ಕೊಂಡು ಹೋಗ್ತೀನಿ."

ಆ ವಾರ ಒಂದು ಮಿನಿಬಸ್ಸಿನ ಸೀಟೆಲ್ಲ ಹೊಲಿದು ಸೊಂಟ ಬಿದ್ದುಹೋಗಿತ್ತು. ಕುಳಿತದ್ದು ನೆನಪಿದೆ, ತಣ್ಣನೆ ಗಾಳಿ ನೆನಪಿದೆ — ಆಮೇಲೆ ಕಸ ಗುಡಿಸುವವನು ಭುಜ ಅಲ್ಲಾಡಿಸಿದ. ಪರದೆ ಬಿಳಿ.

ಬಾಯಿ ಒಣಗಿತ್ತು. ಟೀ ಅಂಗಡಿಗೆ ಬಂದವನೇ ಒಂದು ಲೋಟ ನೀರೆತ್ತಿ ಗಟಗಟ ಕುಡಿದೆ. ಇಪ್ಪತ್ತು ಮುಖ ಒಟ್ಟಿಗೆ ಇಳಿದವು. ಆಗಲೇ ಹೇಳಬಹುದಿತ್ತು — ಬಾಯಾರಿಕೆ ಕಣ್ರೋ, ನಿದ್ದೆ ಹತ್ತಿಬಿಟ್ಟಿತ್ತು ಅಂತ. ನನ್ನ ಮಾತಿನ ಬೆಲೆ ಹೋಗುತ್ತದಲ್ಲ — ಹೇಳಲಿಲ್ಲ. ಸೆಕೆಂಡ್ ಹಾಫ್ ಎಳೆದಿದ್ದಾರೆ ಎಂದೆ. ಯಾವ ಸಿನಿಮಾಕ್ಕಾದರೂ ಹೊಂದುವ ಮಾತು ಅದು.

ಸ್ಟೆಲ್ಲಾ ಅಕ್ಕ ಎಲ್ಲರೂ ಹೋಗುವ ತನಕ ನಿಂತಿದ್ದು ಕೇಳಿದಳು, "ಬಂತಾ?"

"ಇಲ್ಲ ಅಕ್ಕಾ."

"ಬಿಡು. ಸೂಜಿ ಹಿಡಿದೋರ ಹೆಸ್ರು ಯಾರು ಹಾಕ್ತಾರೆ," ಎಂದು ನಕ್ಕಳು. ಆ ಭಾನುವಾರ ಬೀದಿ ಬೇರೆ ಸಿನಿಮಾಕ್ಕೆ ಹೋಯಿತು. ಅವಳು ಎಲ್ಲಿಗೂ ಹೋಗಲಿಲ್ಲ. ಅವಳ ಸಿನಿಮಾ ಒಂದೇ ವಾರಕ್ಕೆ ಎತ್ತಂಗಡಿಯಾಯಿತು.

ಹೋದ ತಿಂಗಳು ಅದೇ ಸಿನಿಮಾ ಟಿ.ವಿ.ಯಲ್ಲಿ ಬಂತು. ಈ ಸಲ ಕಣ್ಣು ಮಿಟುಕಿಸದೆ ನೋಡಿದೆ. ಎಂಥ ಸಿನಿಮಾ! ಒಂದು ಹೊಡೆದಾಟ ಇಲ್ಲ. ಸಂಭಾವನೆ ಸಿಗದ ಬ್ಯಾಂಡಿನವರು ಛತ್ರದ ಹಿಂಬಾಗಿಲಲ್ಲಿ ತಮಗೋಸ್ಕರ ತಾವೇ ಬಾರಿಸಿಕೊಂಡು ಕುಣಿಯುತ್ತಾರೆ. ನಾನೂ ಎದ್ದು ಕುಣಿದೆ, ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಎಳೆದದ್ದು ಎಲ್ಲೂ ಇಲ್ಲ. ಕೊನೆಯಲ್ಲಿ ಬಂತು — "ಉಡುಪು ಹೊಲಿಗೆ: ಸ್ಟೆಲ್ಲಾ, ಲಿಂಗರಾಜಪುರ."

ಮರುದಿನ ಬೆಳಿಗ್ಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ಮಷಿನ್ ನಿಲ್ಲಿಸಿದಳು. "ಎರಡು ಗಂಟೆ ನಿದ್ದೆ ಮಾಡ್ದೆ ಅನ್ನೋಕೆ ನಾಲ್ಕು ವರ್ಷ ಬೇಕಾಯ್ತೇನೋ ತಂಬಿ?"

ಆ ಭಾನುವಾರ ಸಿನಿಮಾ ಮತ್ತೆ ಹಾಕುತ್ತಾರೆಂದು ತಿಳಿದು ಬೀದಿಯವರನ್ನೆಲ್ಲ ನಮ್ಮ ಮನೆಗೆ ಕರೆದೆ, ಅವರ ಮುಂದೆಯೂ ಒಪ್ಪಿಕೊಂಡೆ. ಚೆನ್ನಾಗಿ ಉಗಿಸಿಕೊಂಡೆ. ಅಕ್ಕ ಮಾತ್ರ ಕಥೆ ನೋಡಲೇ ಇಲ್ಲ, ಡೋಲಿನವನ ಕಾಲರ್ ಎದ್ದಿದೆ ಎಂದು ಕೊನೆಯವರೆಗೂ ಗೊಣಗಿದಳು. ಹೆಸರು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವಳು ನೋಡಬೇಕಿದ್ದ ಹೆಸರು ನನ್ನ ಟಿ.ವಿ.ಯಲ್ಲಿ ಬೆರಳಿನಷ್ಟಿತ್ತು. ಆ ದೊಡ್ಡದನ್ನು ನಾನು ಎಲ್ಲಿಂದ ತಂದುಕೊಡಲಿ —

ಈಗ ನನಗಿರುವುದು ಇಷ್ಟು: ಒಂದು ಅಂಗಡಿ, ಎರಡು ಹೊಲಿಗೆ ಯಂತ್ರ, ನನ್ನ ಜೊತೆ ಮಾತು ಬಿಡದ ಒಬ್ಬ ಅಕ್ಕ, ಶುಕ್ರವಾರ ನನ್ನ ಅಭಿಪ್ರಾಯಕ್ಕೆ ಕಾಯುವವರು ನಾಲ್ವರು.