ಪುಟದಂಚಿನ ಬೆರಳು

ಹೋದ ವಾರ ಪೆರೇಸಂದ್ರದ ಅಂಚೆ ಕಚೇರಿಯಲ್ಲಿ ಸರದಿಗೆ ನಿಂತಿದ್ದೆ. ಕೌಂಟರಿನ ಆಚೆ ಕೂತ ಹೆಣ್ಣುಮಗಳು ಕಾಗದಗಳನ್ನು ಸರಸರನೆ ತಿರುವುತ್ತಿದ್ದಳು. ಅವಳ ತೋರುಬೆರಳಿನ ತುದಿಗೆ ಕಿತ್ತಳೆ ಬಣ್ಣದ ರಬ್ಬರ್ ಟೋಪಿ. ಹಾಳೆ ಜಾರದಿರಲೆಂದು ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಗುಳ್ಳೆಗಳಿರುವ ಅದು. ನನ್ನ ಸರದಿ ಬಂತು, ಅವಳು ಏನೋ ಕೇಳಿದಳು, ನಾನು ಬೆರಳನ್ನೇ ನೋಡುತ್ತಿದ್ದೆ. ಹಿಂದಿದ್ದವರು ಭುಜ ತಟ್ಟಿದ ಮೇಲೆಯೇ ನನಗೆ ಎಚ್ಚರ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಂಥದೇ ಇನ್ನೊಂದು ಬೆರಳನ್ನು ಹುಡುಕುತ್ತಿದ್ದೇನೆ…

ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಚಿಂತಾಮಣಿ ಕಡೆಯವರು. ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾಗಿದ್ದರು. ಸುತ್ತಲ ತಾಲ್ಲೂಕುಗಳ ಮನೆಗಳಲ್ಲಿ ಗೆದ್ದಲಿಗೆ ಕಾದು ಕುಳಿತಿದ್ದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್ಟಿನಲ್ಲಿ ಇಡುವ ಕೆಲಸವನ್ನು ಒಂದು ಟ್ರಸ್ಟಿನವರು ಚಿಕ್ಕಬಳ್ಳಾಪುರದಲ್ಲಿ ಶುರು ಮಾಡಿದ್ದರು. ಸ್ಕ್ಯಾನರ್ ನಡೆಸುವ ಕೆಲಸ ನನ್ನದು. ನಾನು ಮಾಡಿದ್ದು ಸರಿಯಿದೆಯೇ ಎಂದು ನೋಡುವ ಹೊಣೆ ಅಕ್ಕನದು. ಯಂತ್ರವೂ ಸಾಫ್ಟ್‌ವೇರೂ ಗುತ್ತಿಗೆದಾರರದು; ಅವರ ಪರವಾಗಿ ಬೆಂಗಳೂರಿನಿಂದ ಒಬ್ಬ ಸೂಪರ್‌ವೈಸರ್ ಬಂದು ಹೋಗುತ್ತಿದ್ದ.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ನಮ್ಮಜ್ಜಿ ಕೆಲವರನ್ನು ಕರೆಯುತ್ತಿದ್ದಳು. ಅಕ್ಕ ಆ ಜಾತಿ. ಕುರ್ಚಿ ಕೊಟ್ಟರೆ ಅದರ ಮೇಲೆ ಬ್ಯಾಗು ಇಟ್ಟು ತಾವು ನನ್ನ ಬೆನ್ನ ಹಿಂದೆ ಅತ್ತಿತ್ತ ಓಡಾಡುತ್ತಿದ್ದರು. ಬೆರಳಿಗೆ ಆ ಕಿತ್ತಳೆ ಟೋಪಿ ಸದಾ ಇರುತ್ತಿತ್ತು. ಕಾಫಿ ಕುಡಿಯುವಾಗಲೂ ತೆಗೆದದ್ದು ನಾನು ಕಂಡಿಲ್ಲ. ಪುಸ್ತಕ ಮುಗಿಯಿತು ಎಂದು ನಾನು ಹೇಳಿದ ಕೂಡಲೇ ಅದನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಎಲ್ಲೋ ಒಂದು ಕಡೆ ತೆರೆದು, ಈ ಪುಟ ತೋರಿಸು ಎನ್ನುವರು. ತೋರಿಸಿದರೆ ಇನ್ನೊಂದು. ಆಮೇಲೆ ಮತ್ತೊಂದು. ಎಲ್ಲೋ ಒಂದು ಮಸುಕು, ಒಂದು ಮಡಿಕೆ, ಅಂಚಿನಲ್ಲಿ ನನ್ನ ಹೆಬ್ಬೆರಳು ಸಿಕ್ಕಿತೋ, ಇಡೀ ಪುಸ್ತಕವನ್ನು ಪುಟಪುಟವಾಗಿ ನೋಡಿ ಮುಗಿಸುವ ತನಕ ಬಿಡುತ್ತಿರಲಿಲ್ಲ.

ಅವರದು ಇನ್ನೂ ಒಂದು ಪರೀಕ್ಷೆಯಿತ್ತು. ಮುಗಿದ ಪುಸ್ತಕವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗುವುದು. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯಬೇಕು. ತೆರೆಯದಿದ್ದರೆ ನಮ್ಮ ಕೆಲಸ ಆಗಿಲ್ಲ ಎಂದೇ ಅವರ ಲೆಕ್ಕ. ತೆರೆಯುತ್ತಲೂ ಇರಲಿಲ್ಲ. ಗುತ್ತಿಗೆದಾರರ ಸಾಫ್ಟ್‌ವೇರ್ ಪುಟಗಳನ್ನೆಲ್ಲ ತನ್ನದೇ ಒಂದು ಬಗೆಯ ಫೈಲಿನಲ್ಲಿ ಮುದ್ದೆ ಕಟ್ಟಿ ಇಡುತ್ತಿತ್ತು. ಅದೇ ಸಾಫ್ಟ್‌ವೇರ್ ಇದ್ದವರಿಗೆ ಮಾತ್ರ ಅದು ಬಾಯಿ ಬಿಡುವುದು. ಜೆರಾಕ್ಸ್ ಅಂಗಡಿಯವನು ಅಕ್ಕನನ್ನು ಕಂಡರೆ, ಬಂದರಪ್ಪ ತೆರೆಯದ ಪೆಟ್ಟಿಗೆ ಮೇಡಮ್ಮು ಎಂದು ನಗುತ್ತಿದ್ದ. ಅಕ್ಕ ವಾಪಸು ಬಂದು ಸೂಪರ್‌ವೈಸರನ ಜೊತೆ ಜಗಳ ತೆಗೆಯುವರು. ಅವನು ಮುಂದಿನ ತಿಂಗಳು ನೋಡೋಣ ಎನ್ನುವನು. ಹೀಗೇ ನಡೆದಿತ್ತು, ಅಲೀಪುರದ ಪುಸ್ತಕ ಬರುವ ತನಕ.

ಅದು ಅಲೀಪುರದ ಒಬ್ಬ ಹಿರಿಯರ ಮನೆಯದು. ಅಕ್ಕ ಅವರನ್ನು ಸಾಹೇಬ್ರೇ ಎನ್ನುತ್ತಿದ್ದರು. ಮೊಹರಂನಲ್ಲಿ ಅವರ ಮನೆಯವರು ಹಾಡುವ ಶೋಕಗೀತೆಗಳನ್ನು ಸಾಹೇಬರ ತಂದೆ ಉರ್ದುವಿನಲ್ಲಿ ಕೈಯಾರೆ ಬರೆದಿಟ್ಟಿದ್ದ ಪುಸ್ತಕ. ಇನ್ನೊಂದು ಪ್ರತಿ ಇಲ್ಲ. ಅದು ಮನೆಯ ಹೊಸಿಲು ದಾಟಿದ್ದೇ ಇಲ್ಲ. ಆದರೆ ಹೈದರಾಬಾದಿಗೆ ಮದುವೆಯಾಗಿ ಹೋದ ಮಗಳು, ಅಜ್ಜನ ಅಕ್ಷರ ನೋಡಿ ಓದಬೇಕು ಎಂದು ಪ್ರತಿ ಮೊಹರಂನಲ್ಲೂ ಫೋನಿನಲ್ಲಿ ಅಳುತ್ತಿದ್ದಳಂತೆ. ಅಕ್ಕ ಅವರ ಮನೆಯಲ್ಲಿ ಚಹಾ ಕುಡಿದು, ನಿಮ್ಮ ಮಗಳು ಅಲ್ಲಿ ಕೂತೇ ಓದುತ್ತಾಳೆ ಎಂದು ಮಾತು ಕೊಟ್ಟು ಪುಸ್ತಕ ತಂದಿದ್ದರು.

ನಾನು ಸ್ಕ್ಯಾನ್ ಮಾಡಿದೆ. ಉರ್ದು ನನಗೂ ಬಾರದು, ಅಕ್ಕನಿಗೂ ಬಾರದು. ಅಕ್ಕ ಕಲೆಗಳನ್ನೂ ಸಾಲುಗಳ ಆಕಾರವನ್ನೂ ಹೋಲಿಸಿ ಪ್ರತಿ ಪುಟವನ್ನೂ ನೋಡಿ, ಸರಿಯಿದೆ ಎಂದರು. ಪುಸ್ತಕ ಒಯ್ಯಲು ಸಾಹೇಬರು ಬಂದರು, ತೋರಿಸಮ್ಮ ಎಂದು ಅಕ್ಕನಿಗೆ ಹೇಳಿದರು. ನಾನು ಪರದೆಯ ಮೇಲೆ ಮೊದಲ ಪುಟ ತೆರೆದೆ. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿದರು, ಮತ್ತೆ ಏರಿಸಿದರು.

"ಇದು ಕೊನೇದಮ್ಮಾ," ಎಂದರು ಮೆಲ್ಲಗೆ. "ಅಳೋದೆಲ್ಲಾ ಮುಗಿದ್ಮೇಲೆ ಅಲ್ಲಿಂದ ಶುರು ಮಾಡಿದೀರಿ."

ಕನ್ನಡ ಪುಸ್ತಕ ತಿರುವಿ ತಿರುವಿ ರೂಢಿಯಾದ ಕೈ ನನ್ನದು. ಬಲಗಡೆಯಿಂದ ತೆರೆಯಬೇಕಾದ ಪುಸ್ತಕವನ್ನು ಎಡಗಡೆಯಿಂದ ತೆರೆದಿದ್ದೆ. ಅಕ್ಕನೂ ಹಾಗೇ ತೆರೆದು ತಾಳೆ ನೋಡಿದ್ದರು. ಎಲ್ಲ ಪುಟಗಳೂ ಇದ್ದವು, ಒಂದೂ ಮಸುಕಿರಲಿಲ್ಲ, ಪುಸ್ತಕ ಮಾತ್ರ ತಿರುಗುಮುರುಗಾಗಿತ್ತು. ಅಕ್ಕ ನಿಂತುಬಿಟ್ಟರು. ಅವರು ಓಡಾಡದೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ.

ಪುಟಗಳ ಕ್ರಮ ಬದಲಿಸೋಣವೆಂದರೆ ಮುದ್ದೆ ಕಟ್ಟಿದ ಆ ಫೈಲನ್ನು ಬಿಚ್ಚಲು ನಮ್ಮಿಂದಾಗದು. ಬೆಂಗಳೂರಿಗೆ ಕಳಿಸಬೇಕು, ತಿಂಗಳಾಗುತ್ತದೆ ಎಂದ ಅವತ್ತು ಅಲ್ಲೇ ಇದ್ದ ಸೂಪರ್‌ವೈಸರ್. ಅವನಿಗೆ ಆ ವಾರವೇ ಕೆಲಸ ಮುಗಿಯಿತೆಂದು ಅಕ್ಕನ ಸಹಿ ಬೇಕಿತ್ತು.

"ಬಿಡಿ ಮೇಡಂ, ಪೇಜ್ ಎಲ್ಲಾ ಇದಾವಲ್ಲ. ಹಿಂದಿನಿಂದ ಓದ್ಕೊಳ್ಳಲಿ. ಉರ್ದು ಇಲ್ಲಿ ಯಾರು ನೋಡ್ತಾರೆ?"

"ನಿನ್ನ ಮದುವೆ ವಿಡಿಯೋನ ಊಟದಿಂದ ಶುರು ಮಾಡಿ ತಾಳಿ ಕಟ್ಟೋದಕ್ಕೆ ಮುಗಿಸಿ ಕೊಟ್ಟಿದ್ರೆ ಇಸ್ಕೊಳ್ತಿದ್ದೇನಪ್ಪ?" ಎಂದರು ಅಕ್ಕ. ಅವನು ನಕ್ಕ. ಅಕ್ಕ ನಗಲಿಲ್ಲ. ಸಹಿಯನ್ನೂ ಹಾಕಲಿಲ್ಲ. ಸಾಹೇಬರ ಕಡೆ ತಿರುಗಿ, ಇನ್ನೊಂದು ಸಲ ಮಾಡುತ್ತೇವೆ, ನಾಳೆ ಸಂಜೆಯ ತನಕ ಪುಸ್ತಕ ಬಿಟ್ಟುಕೊಡಿ ಎಂದು ಕೇಳಿದರು.

ಸಾಹೇಬರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಮೊಹರಂ ಚಾಂದ್ ಕಾಣೋಕ್ಮುಂಚೆ ಮನೇಲಿರ್ಬೇಕಮ್ಮಾ. ಇದನ್ನ ಮುಂದೆ ಇಟ್ಕೊಳ್ದೆ ನಮ್ಮನೇಲಿ ಯಾರೂ ಬಾಯಿ ತೆಗೆಯಲ್ಲ." ಎರಡನೆಯ ಸಲವೂ ಕೊಟ್ಟರು. ಯಾವ ಧೈರ್ಯದ ಮೇಲೆ ಕೊಟ್ಟರೋ…

ಅವತ್ತೇ ಕೂತೆವು. ಗುತ್ತಿಗೆದಾರರ ಸಾಫ್ಟ್‌ವೇರನ್ನು ಮುಟ್ಟಲಿಲ್ಲ. ಒಂದೊಂದು ಪುಟಕ್ಕೂ ಬೇರೆ ಬೇರೆ ಚಿತ್ರ, ಯಾವ ಫೋನಿನಲ್ಲಾದರೂ ತೆರೆಯುವಂಥ ಸಾದಾ ಚಿತ್ರ. ಯಾವುದರ ಹಿಂದೆ ಯಾವುದು ಎನ್ನುವುದಕ್ಕೆ ಬೇರೆಯೇ ಒಂದು ಸಣ್ಣ ಫೈಲು, ಅದೂ ಸಾದಾ ಅಕ್ಷರಗಳಲ್ಲಿ. ನಾಳೆ ಇನ್ನಾರೋ ತಪ್ಪು ಕಂಡರೆ ನಮ್ಮನ್ನು ಕೇಳದೆ ತಿದ್ದಿಕೊಳ್ಳುವಂತಿರಬೇಕು ಎಂದರು ಅಕ್ಕ. ಇಷ್ಟೆಲ್ಲ ಯಾಕಕ್ಕ ಎಂದು ನಾನು ಗೊಣಗಿದ್ದೆ.

"ಪೆಟ್ಟಿಗೆ ಕೊಟ್ಟು ಬೀಗದ ಕೈ ನಮ್ಮ ಸೊಂಟದಲ್ಲೇ ಇಟ್ಕೊಂಡ್ರೆ ಅದು ಕೊಟ್ಟಂಗಾಯ್ತೇನಪ್ಪ?"

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೊನೆಯ ಭಾಗಕ್ಕೆ ಬಂದಿದ್ದೆವು. ಒಂದು ಪುಟದ ಮೂಲೆ ಹಪ್ಪಳದಂತೆ ಮೇಲೇಳುತ್ತಿತ್ತು. ಗಾಜಿನಿಂದ ಒತ್ತಿದರೆ ಮುರಿಯುತ್ತದೆ. ಅಕ್ಕ ಹಗುರಾಗಿ ತಮ್ಮ ಬೆರಳಿಟ್ಟು ಹಿಡಿದರು, ನಾನು ಚಿತ್ರ ತೆಗೆದೆ. ಪರದೆಯ ಮೇಲೆ ಕಂದು ಪುಟ, ಕಪ್ಪು ಅಕ್ಷರ, ಅಂಚಿನಲ್ಲಿ ಕಿತ್ತಳೆ ಬೆರಳ ತುದಿ. ಅಕ್ಷರ ಒಂದೂ ಮುಚ್ಚಿರಲಿಲ್ಲ. ಹೊತ್ತಾಗುತ್ತಿದೆ, ಇರಲಿ ಬಿಡಕ್ಕ ಎಂದೆ.

"ಓದೋರು ನನ್ನ ಬೆರಳು ನೋಡೋಕೆ ಬರ್ತಾರೇನಪ್ಪ? ತೆಗಿ ಅದನ್ನ."

ಬೆರಳಿನ ಬದಲು ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಇಟ್ಟು ಇನ್ನೊಮ್ಮೆ ತೆಗೆದೆವು. ಹಳೆಯದನ್ನು ಅಳಿಸಿದೆ. ಅಷ್ಟಕ್ಕೆ ಸಮಾಧಾನವಿಲ್ಲ, ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಇರಬಾರದು ಎಂದು ಅಲ್ಲಿಂದಲೂ ತೆಗೆಸಿದರು. ಕೆಟ್ಟ ಪುಟ ಉಳಿದರೆ ಒಂದು ದಿನ ಒಳ್ಳೆಯದರ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ ಎನ್ನುವುದು ಅವರ ಭಯ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪುಟಗಳು ತೆರೆದವು. ಅಂಗಡಿಯವನು ನಮ್ಮಿಬ್ಬರಿಗೂ ಚಹಾ ತರಿಸಿದ. ಅಕ್ಕ ಅರ್ಧ ಕುಡಿದು ಬಸ್ಸಿಗೆ ಓಡಿದರು, ಹಿಂದೆ ನಾನು. ಗೌರಿಬಿದನೂರು ದಾಟಿ ಅಲೀಪುರ ಮುಟ್ಟುವ ತನಕ ಪುಸ್ತಕ ಅವರ ಮಡಿಲಲ್ಲೇ. ಸಂಜೆ ಬೆಳಕು ಇನ್ನೂ ಇತ್ತು. ನಾನು ಸಾಹೇಬರ ಮನೆಯ ಜಗಲಿಯಿಂದಲೇ ಪುಟಗಳನ್ನು ಹೈದರಾಬಾದಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮಗಳ ಫೋನು. ಹಲೋ ಎನ್ನಲಿಲ್ಲ, ಮೊದಲ ಪುಟದ ಮೊದಲ ಸಾಲಿನಿಂದ ಓದತೊಡಗಿದಳು. ಸಾಹೇಬರು ಪುಸ್ತಕ ತೆರೆದು, ಆ ಧ್ವನಿಯ ಹಿಂದೆ ಸಾಲಿನ ಮೇಲೆ ಬೆರಳಾಡಿಸುತ್ತ ಹೋದರು. ಅಕ್ಕ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇದ್ದರು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಯಾರೋ ಆಕಾಶ ತೋರಿಸಿ ಚಾಂದ್ ಕಂಡಿತು ಎಂದರು.

ಆಮೇಲೆ ಟ್ರಸ್ಟಿನವರು ಎಲ್ಲ ಪುಸ್ತಕಗಳನ್ನೂ ಹೀಗೆಯೇ ಮಾಡಿಸಿದರು. ಯೋಜನೆ ಮುಗಿಯಿತು, ಅಕ್ಕ ಚಿಂತಾಮಣಿಗೆ ಹೋದರು. ಹೋಗಿ ನೋಡಬೇಕು, ನೋಡಬೇಕು ಎನ್ನುತ್ತಲೇ… ತೀರಿಕೊಂಡ ಸುದ್ದಿ ತಲುಪುವಾಗ ಅವರ ಕಾರ್ಯವೂ ಮುಗಿದಿತ್ತು.

ಅವರದೊಂದು ಫೋಟೋ ನನ್ನಲ್ಲಿಲ್ಲ. ಯಾವಾಗಲೂ ನನ್ನ ಬೆನ್ನ ಹಿಂದೆ ಇದ್ದವರು. ಅದಕ್ಕೇ ಅಂಚೆ ಕಚೇರಿಯಿಂದ ಬಂದಾಗಿನಿಂದ, ನಾವು ಮಾಡಿದ ಪುಸ್ತಕಗಳನ್ನು ಒಂದೊಂದಾಗಿ ತೆರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಕಣ್ತಪ್ಪಿ ಉಳಿದಿರಬಹುದು, ಕಿತ್ತಳೆಯ ಒಂದು ಚೂರು, ಸೀರೆಯಂಚಿನ ನೆರಳು, ಏನಾದರೂ. ಗಾಜು ಒಡೆದ ನನ್ನ ಹಳೆಯ ಫೋನಿನಲ್ಲೂ ಪುಟಗಳು ಸಲೀಸಾಗಿ ತೆರೆದುಕೊಳ್ಳುತ್ತವೆ. ಅಲೀಪುರದ ಆ ಪುಟವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮೂಲೆ ನೆಟ್ಟಗಿದೆ, ಅಂಚು ಸ್ವಚ್ಛವಾಗಿದೆ. ಇನ್ನೂ ಕೆಲವು ಪುಸ್ತಕಗಳು ಉಳಿದಿವೆ, ಹುಡುಕುತ್ತಿದ್ದೇನೆ. ಸಿಗುವುದಿಲ್ಲವೆಂದು ಗೊತ್ತು. ತಾಳೆ ನೋಡಿದವರು ಅಕ್ಕ ಅಲ್ಲವೇ…